ಎರಡು ಹೆಸರುಗಳ ನಡುವೆ ಒಂದು ‘ಅಥವಾ’

ಕಾಫಿ ಸೀಮೆಯಲ್ಲಿ ‘ಜಂಟಿ ಖಾತೆ’ ಎಂದೊಡನೆ ಜನರಿಗೆ ನೆನಪಾಗುವುದು ಬ್ಯಾಂಕಲ್ಲ, ಪಹಣಿ. ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿ ನನ್ನ ಕಾರ್ಯವ್ಯಾಪ್ತಿಯಲ್ಲಿದ್ದ ವರ್ಷಗಳಲ್ಲಿ ಕಚೇರಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಬಹುಪಾಲು ಈ ಎರಡು ಪದಗಳ ಸುತ್ತಲೇ ಇರುತ್ತಿದ್ದವು. ಅಣ್ಣತಮ್ಮಂದಿರ ಜಂಟಿ ಖಾತೆ ಬೇರ್ಪಡಿಸಿಕೊಡಿ; ತಂದೆ ತೀರಿಕೊಂಡಿದ್ದಾರೆ, ಪೌತಿ ಖಾತೆ ಮಾಡಿಕೊಡಿ; ಅಕ್ಕನ ಹೆಸರು ಬಿಟ್ಟುಹೋಗಿದೆ, ಸೇರಿಸಿ. ಹತ್ತು ಗುಂಟೆ ತೋಟಕ್ಕಾಗಿ ಮೂರು ತಲೆಮಾರಿನ ವಂಶವೃಕ್ಷವನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಅದೇ ಜನ, ಅದಕ್ಕಿಂತ ಹೆಚ್ಚು ಬೆಲೆಯ ಠೇವಣಿ ಇರುವ ಬ್ಯಾಂಕಿನ ಜಂಟಿ ಖಾತೆಯ ವಿಷಯ ಬಂದರೆ, ‘ಅದರಲ್ಲೇನಿದೆ ಸಾರ್, ನನ್ನದೂ ನಮ್ಮ ಮನೆಯವರದೂ ಹೆಸರಿದೆಯಲ್ಲ’ ಎಂದು ಮುಗಿಸಿಬಿಡುತ್ತಿದ್ದರು.

ಎರಡನ್ನೂ ಖಾತೆಯೆಂದೇ ಕರೆದರೂ ಅವುಗಳ ವ್ಯಾಕರಣ ಬೇರೆ. ಜಮೀನಿನ ಜಂಟಿ ಖಾತೆಯಲ್ಲಿ ಒಬ್ಬರು ಇನ್ನೊಬ್ಬರ ಪಾಲನ್ನು ಮಾರಲಾರರು. ಇಡೀ ಜಮೀನು ಪರಭಾರೆಯಾಗಬೇಕಾದರೆ ಉಪನೋಂದಣಾಧಿಕಾರಿಯ ಮುಂದೆ ಇಬ್ಬರೂ ಸಹಿ ಹಾಕಬೇಕು. ಅಲ್ಲಿ ಎರಡು ಹೆಸರುಗಳ ನಡುವೆ ಇರುವುದು ‘ಮತ್ತು’. ಬ್ಯಾಂಕಿನ ಜಂಟಿ ಖಾತೆಯಲ್ಲಿ ಸಾಮಾನ್ಯವಾಗಿ ಇರುವುದು ‘ಅಥವಾ’. ಇಬ್ಬರಲ್ಲಿ ಯಾರೇ ಆಗಲಿ ಒಂದೇ ಮಧ್ಯಾಹ್ನದಲ್ಲಿ ಖಾತೆಯನ್ನು ಬರಿದುಮಾಡಿ ಹೊರಬರಬಹುದು. ಕೌಂಟರಿನಲ್ಲಿರುವವರು ಏಕೆಂದು ಕೇಳಬೇಕಾಗಿಲ್ಲ.

ಈ ವಿಷಯ ಮತ್ತೆ ಮನಸ್ಸಿಗೆ ಬಂದದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ. 2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಹಕ್ಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಭಾರತೀಯ ಗಂಡಂದಿರಿಗೆ ಒಂದು ಹಿತವಚನ ಹೇಳಿದರು. ಸ್ವಂತ ವರಮಾನವಿಲ್ಲದ ಗೃಹಿಣಿಗೆ ಹಣಕಾಸಿನ ಭದ್ರತೆ ಇರಬೇಕು, ಅದಕ್ಕಾಗಿ ಜಂಟಿ ಬ್ಯಾಂಕ್ ಖಾತೆ ಇಡಬೇಕು, ಎಟಿಎಂ ಕಾರ್ಡ್ ಆಕೆಯ ಕೈಗೂ ಸಿಗುವಂತಿರಬೇಕು ಎಂಬುದು ಅದರ ಸಾರ. ಸಲಹೆ ಸರಿಯಾದದ್ದೇ, ಅದನ್ನು ಪಾಲಿಸುವವರ ಸಂಖ್ಯೆ ಹೆಚ್ಚಲಿ. ಆದರೆ ಜಂಟಿ ಖಾತೆ ತೆರೆದೊಡನೆ ಆ ಹಣದಲ್ಲಿ ಅರ್ಧ ಹೆಂಡತಿಯದಾಯಿತು ಎಂದು ಯಾರಾದರೂ ನಂಬಿಕೊಂಡಿದ್ದರೆ, ನಮ್ಮ ಕಾನೂನು ಹಾಗೆ ಹೇಳುವುದಿಲ್ಲ.

ಖಾತೆ ತೆರೆಯುವ ನಮೂನೆಯಲ್ಲಿ ನಿರ್ವಹಣೆಯ ವಿಧಾನ ಎಂಬ ಒಂದು ಸಾಲು ಇರುತ್ತದೆ. ಬಹುತೇಕ ದಂಪತಿಗಳು ಅಲ್ಲಿ ‘ಐದರ್ ಆರ್ ಸರ್ವೈವರ್’ ಎಂಬುದಕ್ಕೆ ಗುರುತು ಹಾಕುತ್ತಾರೆ, ಅಥವಾ ಗುಮಾಸ್ತರೇ ಹಾಕಿಕೊಡುತ್ತಾರೆ. ಇಬ್ಬರಲ್ಲಿ ಯಾರಾದರೊಬ್ಬರು ವ್ಯವಹರಿಸಬಹುದು, ಒಬ್ಬರು ಗತಿಸಿದರೆ ಉಳಿದವರಿಗೆ ಹಣ ಸಲ್ಲಬೇಕು ಎಂದು ಇದರರ್ಥ. ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರದೇ ಅಧಿಕಾರ. ಎರಡನೆಯ ಹೆಸರಿನವರು ಕಾಯಬೇಕು. ‘ಜಂಟಿಯಾಗಿ’ ಎಂದಿದ್ದರೆ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು. ಈ ಮೂರೂ ಹೇಳುವುದು ಬ್ಯಾಂಕು ಯಾರ ಸಹಿಯನ್ನು ಮನ್ನಿಸಿ ಹಣ ಕೊಡಬೇಕು ಎಂಬುದನ್ನು ಮಾತ್ರ. ಹಣ ಯಾರದು ಎಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಕಲಮೇ ಇಲ್ಲ.

ಕಂದಾಯ ಇಲಾಖೆಯವರಿಗೆ ಇದು ಹೊಸದೇನಲ್ಲ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ. ವಿರುದ್ಧವಾದದ್ದು ರುಜುವಾತಾಗುವವರೆಗೆ ಆ ನಮೂದನ್ನು ಸರಿಯೆಂದು ಭಾವಿಸತಕ್ಕದ್ದು ಎಂದಷ್ಟೇ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಪ್ರಕರಣ ಹೇಳುತ್ತದೆ. ಸರ್ಕಾರ ಯಾರೊಡನೆ ವ್ಯವಹರಿಸಬೇಕು ಎಂಬುದನ್ನು ಪಹಣಿ ಹೇಳಿದರೆ, ಬ್ಯಾಂಕು ಯಾರೊಡನೆ ವ್ಯವಹರಿಸಬೇಕು ಎಂಬುದನ್ನು ಪಾಸ್‌ಬುಕ್ ಹೇಳುತ್ತದೆ. ವ್ಯಾಜ್ಯ ಬಂದಾಗ ಎರಡೂ ಕಡೆ ಪ್ರಶ್ನೆ ಬೇರೆಯೇ ಆಗಿರುತ್ತದೆ.

ಹಾಗೆಂದು ಜಂಟಿ ಖಾತೆ ನಿರುಪಯುಕ್ತವಲ್ಲ. ಅದಿಲ್ಲದಿದ್ದರೆ ಏನಾಗುತ್ತದೆಂಬುದನ್ನು ತೊಂಬತ್ತರ ದಶಕದ ಕೊನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಊರು, ಹೆಸರು ಬೇಡ. ಆರೇಳು ಎಕರೆಯ ಬೆಳೆಗಾರರೊಬ್ಬರು ಡಿಸೆಂಬರಿನಲ್ಲಿ, ಅರೇಬಿಕಾ ಹಣ್ಣಿನ ಕೊಯ್ಲು ಭರದಲ್ಲಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಉಳಿತಾಯ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು, ನಾಮನಿರ್ದೇಶನವೂ ಇರಲಿಲ್ಲ. ಆ ಕಾಲದಲ್ಲಿ ಇದು ತೀರ ಸಾಮಾನ್ಯ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಕೊನೆಗೊಳ್ಳುವವರೆಗೆ ಬೆಳೆಗಾರನೆಂದು ನೋಂದಾಯಿತನಾದವನ ಹೆಸರಿಗೆ ಕಂತುಕಂತಾಗಿ ಹಣ ಬರುತ್ತಿತ್ತು. ನೋಂದಣಿ ಸಾಮಾನ್ಯವಾಗಿ ಗಂಡಸಿನದು, ಹಾಗಾಗಿ ಖಾತೆಯೂ ಗಂಡಸಿನದು. ಹದಿಮೂರನೆಯ ದಿನದ ಕಾರ್ಯ ಮುಗಿಯುವ ಮುನ್ನವೇ ಆ ಮನೆಯಾಕೆ ಬಟವಾಡೆಯ ಚಿಂತೆಗೆ ಬಿದ್ದರು. ಗಿಡದಲ್ಲಿ ಹಣ್ಣು ಕಾಯುವುದಿಲ್ಲ, ಆಳುಗಳೂ ಕಾಯುವುದಿಲ್ಲ. ಬ್ಯಾಂಕಿನಲ್ಲಿ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದರು. ಅದು ಸಿವಿಲ್ ನ್ಯಾಯಾಲಯದಿಂದ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಕೆ ವಂಶವೃಕ್ಷಕ್ಕಾಗಿ ನಮ್ಮ ಕಚೇರಿಗೆ ಬಂದಾಗ, ಕಣದಲ್ಲಿದ್ದ ಕಾಫಿಯನ್ನೂ ಗಿಡದಲ್ಲಿದ್ದುದನ್ನೂ ಒಬ್ಬ ವ್ಯಾಪಾರಿಗೆ ಮುಂಗಡ ಪಡೆದು ಬರೆದುಕೊಟ್ಟಾಗಿತ್ತು. ಯಾವ ದರಕ್ಕೆ ಎಂದು ಕೇಳಿದೆ. ಆಕೆ ದರ ಹೇಳಲಿಲ್ಲ, ‘ಆಳುಗಳಿಗೆ ಕೊಟ್ಟೆ ಸಾರ್’ ಎಂದರು.

ಅಂದು ಆ ಖಾತೆಯಲ್ಲಿ ಇನ್ನೊಂದು ಹೆಸರು, ನಡುವೆ ಒಂದು ‘ಅಥವಾ’ ಇದ್ದಿದ್ದರೆ ಈ ಕಷ್ಟ ಬರುತ್ತಿರಲಿಲ್ಲ. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಬದುಕುಳಿದ ಖಾತೆದಾರರಿಂದ ಅಥವಾ ನಾಮಿನಿಯಿಂದ, ಮೊತ್ತ ಎಷ್ಟೇ ಇರಲಿ, ಉತ್ತರಾಧಿಕಾರ ಪತ್ರ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2005ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿತು. ದಾಖಲೆಗಳು ಕೈಸೇರಿದ 15 ದಿನಗಳೊಳಗೆ ಇತ್ಯರ್ಥವಾಗಬೇಕು, ತಡವಾದರೆ ಪರಿಹಾರ ಕೊಡಬೇಕು ಎಂದು 2025ರ ಸೆಪ್ಟೆಂಬರಿನ ನಿರ್ದೇಶನಗಳು ಹೇಳುತ್ತವೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ಜಂಟಿ ಖಾತೆಯಲ್ಲಿ ನಾಮಿನಿಯ ಸರದಿ ಬರುವುದು ಖಾತೆದಾರರೆಲ್ಲರೂ ಗತಿಸಿದ ಮೇಲೆಯೇ ಎಂಬುದು ಮಾತ್ರ ಬಹಳ ಜನರಿಗೆ ತಿಳಿದಿಲ್ಲ.

ಆದರೆ 2005ರ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ. ಬದುಕುಳಿದವರು ಈ ಹಣವನ್ನು ಪಡೆಯುವುದು ಗತಿಸಿದವರ ವಾರಸುದಾರರ ಪರವಾಗಿ, ಒಬ್ಬ ವಿಶ್ವಸ್ತರಂತೆ. ಇದನ್ನು ಅವರಿಗೆ ಸ್ಪಷ್ಟಪಡಿಸಬೇಕು ಎಂಬ ಮಾತು. ಕೌಂಟರಿನಲ್ಲಿ ಅದನ್ನು ಯಾರು ಯಾರಿಗೆ ಸ್ಪಷ್ಟಪಡಿಸುತ್ತಾರೋ ದೇವರೇ ಬಲ್ಲ. ನಾಮಿನಿಯ ವಿಷಯದಲ್ಲೂ ಹಣ ಪಡೆಯುವ ಹಕ್ಕು ಬೇರೆ, ಅದರ ಒಡೆತನ ಬೇರೆ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿದೆ.

ಇದರ ಬಿಸಿ ತಟ್ಟಿದ ಇನ್ನೊಂದು ಮನೆ ನನಗೆ ಹತ್ತಿರದ್ದು, ಪತ್ನಿಯ ಕಡೆಯಿಂದ ದೂರದ ನೆಂಟಸ್ತಿಕೆ. 2024–25ರಲ್ಲಿ ಕಾಫಿ ಬೆಲೆ ದಾಖಲೆ ಮಟ್ಟಕ್ಕೇರಿತಲ್ಲ, ಅದೇ ಹಂಗಾಮಿನ ಕೊನೆಗೆ ಮನೆಯ ಯಜಮಾನರು ತೀರಿಕೊಂಡರು. ಗಂಡಹೆಂಡಿರ ಜಂಟಿ ಖಾತೆಯಲ್ಲಿ ಸುಮಾರು 10 ಲಕ್ಷ ರೂಪಾಯಿ ಇತ್ತು, ಉಯಿಲು ಇರಲಿಲ್ಲ. ಬ್ಯಾಂಕು ಒಂದು ಮಾತನ್ನೂ ಆಡದೆ ಆಕೆಗೆ ಹಣ ಕೊಟ್ಟಿತು. ಆಕೆ ಅದನ್ನು ತನ್ನ ಹೆಸರಿನಲ್ಲಿ ಠೇವಣಿ ಇಟ್ಟರು. ಮೂರು ತಿಂಗಳ ಬಳಿಕ ಬೆಂಗಳೂರಿನಲ್ಲಿರುವ ಹಿರಿಯ ಮಗನಿಂದ ವಕೀಲರ ನೋಟಿಸು ಬಂತು. ಫೋನಿನಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಭಾವ, ನಲವತ್ತು ವರ್ಷ ಕಣ ಕಾದವಳು ನಾನು. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರಿದೆ. ಹಾಗಾದರೆ ಅದರಲ್ಲಿ ನನ್ನದು ಯಾವುದು?’

ಉತ್ತರ ಹುಡುಕಲು ನಾವು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. ಗಂಡ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ, ಇಬ್ಬರಲ್ಲೊಬ್ಬರಿಗೆ ಅಥವಾ ಬದುಕುಳಿದವರಿಗೆ ಸಲ್ಲುವಂತೆ ಠೇವಣಿ ಇಟ್ಟು ತೀರಿಕೊಂಡ ಗುರಾನ್ ದಿತ್ತಾ ಪ್ರಕರಣ 1928ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಬಂದಿತ್ತು. ಇಂಗ್ಲೆಂಡಿನಲ್ಲಾಗಿದ್ದರೆ ಗಂಡ ಅದನ್ನು ಹೆಂಡತಿಗೆ ಕೊಡುಗೆಯಾಗಿ ಕೊಟ್ಟನೆಂದೇ ಕಾನೂನು ಊಹಿಸುತ್ತಿತ್ತು. ಭಾರತದಲ್ಲಿ ಕುಟುಂಬ ಜೀವನದ ಸ್ವರೂಪವೇ ಬೇರೆ, ಆ ಊಹೆ ಇಲ್ಲಿ ಸಲ್ಲದು ಎಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಕೊಡುಗೆಯ ಉದ್ದೇಶ ಇತ್ತೆಂದು ಬೇರೆ ಸಾಕ್ಷ್ಯದಿಂದ ಸಿದ್ಧಪಡಿಸದಿದ್ದರೆ ಹಣ ಗಂಡನ ಆಸ್ತಿಯಾಗಿಯೇ ಉಳಿದು ಅವನ ವಾರಸುದಾರರಿಗೆ ಹಂಚಿಹೋಗುತ್ತದೆ. ಸಾಮ್ರಾಜ್ಯ ಹೋಯಿತು, ಪ್ರಿವಿ ಕೌನ್ಸಿಲಿಗೆ ಮೇಲ್ಮನವಿಯೂ ಹೋಯಿತು. ಈ ತತ್ವ ಮಾತ್ರ ಉಳಿದುಕೊಂಡಿದೆ.

ಈಗ ಆ ಮನೆಯ ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ವಿಧವೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಗತಿಸಿದವರ ತಾಯಿ, ಹೀಗೆ ಐವರು ಮೊದಲ ವರ್ಗದ ವಾರಸುದಾರರು. ಹಣವೆಲ್ಲ ಗಂಡನದೇ ಎಂದಾದರೆ ಆಕೆಯ ಪಾಲು 2 ಲಕ್ಷ. ಅರ್ಧ ಆಕೆಯದೆಂದು ಒಪ್ಪಿದರೆ ಮೊದಲು 5 ಲಕ್ಷ ಆಕೆಗೆ, ಉಳಿದ 5 ಲಕ್ಷದಲ್ಲಿ ಮತ್ತೆ ಐದನೆಯ ಒಂದು ಪಾಲು, ಒಟ್ಟು 6 ಲಕ್ಷ. ಎರಡಕ್ಕೂ ನಡುವೆ 4 ಲಕ್ಷ ರೂಪಾಯಿಗಳ ಅಂತರ. ಆ ಅಂತರವನ್ನು ತುಂಬಬೇಕಾದ ರುಜುವಾತಿನ ಹೊಣೆ ಆಕೆಯ ಮೇಲೆ. ಹಾಜರಿ ಪುಸ್ತಕ ಬರೆದದ್ದು, ಪಲ್ಪರಿನ ಬಳಿ ರಾತ್ರಿ ಹತ್ತರವರೆಗೆ ನಿಂತದ್ದು, ಮಳೆ ಮೋಡ ಕಂಡೊಡನೆ ಕಣದ ಕಾಫಿಗೆ ಟಾರ್ಪಾಲು ಎಳೆದದ್ದು, ಇವಕ್ಕೆಲ್ಲ ಯಾವ ರಸೀದಿ? ಇತರ ಸಮುದಾಯಗಳಲ್ಲಿ ಪಾಲಿನ ಪ್ರಮಾಣ ಬೇರೆ. ಮಕ್ಕಳಿದ್ದರೆ ಕ್ರೈಸ್ತ ವಿಧವೆಗೆ ಮೂರನೆಯ ಒಂದು, ಮುಸ್ಲಿಂ ವಿಧವೆಗೆ ಎಂಟನೆಯ ಒಂದು. ಮೂಲ ಪ್ರಶ್ನೆ ಎಲ್ಲರಿಗೂ ಒಂದೇ: ಪಾಲು ಹಾಕುವ ಮುನ್ನ ಆಕೆಯದೆಂದು ಬದಿಗಿಡಬೇಕಾದದ್ದು ಏನಾದರೂ ಇದೆಯೇ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಒಂದು ಅಧ್ಯಯನ ನೆನಪಾಗದಿರದು. ಬೆಂಗಳೂರಿನ ಐಐಎಂನ ಸಂಶೋಧಕರೂ ವಿದೇಶದ ಸಹೋದ್ಯೋಗಿಗಳೂ ಸೇರಿ 2010ರ ಸುಮಾರಿಗೆ ಕರ್ನಾಟಕ, ಘಾನಾ ಮತ್ತು ಈಕ್ವೆಡಾರ್‌ಗಳಲ್ಲಿ ಕುಟುಂಬದೊಳಗೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಮನೆಮನೆಯಲ್ಲಿ ಕೇಳಿದರು. ದಂಪತಿಗಳ ಒಟ್ಟು ಸ್ಥಿರ–ಚರ ಸಂಪತ್ತಿನಲ್ಲಿ ಹೆಂಡತಿಯ ಪಾಲು ಈಕ್ವೆಡಾರಿನಲ್ಲಿ ಶೇ 44, ಘಾನಾದಲ್ಲಿ ಶೇ 19, ನಮ್ಮ ಕರ್ನಾಟಕದಲ್ಲಿ ಶೇ 9. ಈಕ್ವೆಡಾರಿನ ಹೆಂಗಸರು ನಮ್ಮವರಿಗಿಂತ ಐದು ಪಟ್ಟು ದುಡಿಯುತ್ತಾರೆಂದು ಇದರ ಅರ್ಥವಲ್ಲ. ಮದುವೆಯ ನಂತರ ಗಳಿಸಿದ್ದು ಇಬ್ಬರದೂ ಎಂದು ಅಲ್ಲಿನ ಕಾನೂನು ಭಾವಿಸುತ್ತದೆ. ನಮ್ಮಲ್ಲಿ ಯಾರ ಹೆಸರಿಗೆ ಬಂತೋ ಅವರದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾರವಾರ ದಾಟಿದರೆ ಗೋವಾ. ಪೋರ್ಚುಗೀಸರ ಕಾಲದಿಂದ ಬಂದ ಅಲ್ಲಿನ ನಾಗರಿಕ ಸಂಹಿತೆಯಲ್ಲಿ, ಮದುವೆಗೆ ಮುನ್ನ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಗಂಡಹೆಂಡಿರ ಆಸ್ತಿ ಇಬ್ಬರಿಗೂ ಸಮಾನವಾಗಿ ಸೇರಿದ್ದು. ಇಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ವಿವಾಹ ಮುರಿದುಬಿದ್ದಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆಯೊಂದು 2013ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, ಮರುವರ್ಷ ಲೋಕಸಭೆ ವಿಸರ್ಜನೆಯೊಡನೆ ಬಿದ್ದುಹೋಯಿತು. ಗಂಡನ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲು ಉಂಟೆಂದು ಮದ್ರಾಸ್ ಹೈಕೋರ್ಟು 2023ರ ಜೂನ್‌ನಲ್ಲಿ ಹೇಳಿತು. ಅದು ನೆರೆರಾಜ್ಯದ ತೀರ್ಪು; ನಮ್ಮ ನ್ಯಾಯಾಲಯಗಳು ಗಮನಿಸಬಹುದು, ಪಾಲಿಸಲೇಬೇಕೆಂದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಬ್ಬರೂ ದುಡಿಯುವ ದಂಪತಿಗಳಿಗೆ ಇದೆಲ್ಲ ತೋಟದ ಮನೆಯ ತಾಪತ್ರಯವೆನಿಸಬಹುದು. ಅಂಥವರ ಗಮನಕ್ಕೆ ಒಂದೆರಡು ಸಂಗತಿಗಳು. ಇಬ್ಬರ ಸಂಬಳವೂ ಒಂದೇ ಖಾತೆಗೆ ಬಿದ್ದು, ಅವಳ ಸಂಬಳ ದಿನಸಿ ಮತ್ತು ಶಾಲೆಯ ಶುಲ್ಕಕ್ಕೆ, ಅವನದು ಮನೆ ಸಾಲದ ಕಂತಿಗೆ ಹೋಗುತ್ತಿದ್ದರೆ, ಹತ್ತು ವರ್ಷದ ನಂತರ ಕಾಗದದ ಮೇಲೆ ಮನೆ ಅವನದು, ತಿಂದುಮುಗಿಸಿದ ಅಕ್ಕಿಬೇಳೆ ಅವಳದು. ‘ಐದರ್ ಆರ್ ಸರ್ವೈವರ್’ ಠೇವಣಿಯನ್ನು ಅವಧಿ ಮುಗಿದಾಗ ಒಬ್ಬರೇ ಪಡೆಯಬಹುದು. ಅವಧಿಗೆ ಮುನ್ನ ಮುರಿಸಲು ಇಬ್ಬರ ಸಹಿ ಬೇಕು. ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರು ಅವಧಿಗೆ ಮುನ್ನ ಮುರಿಸಬಹುದೆಂಬ ಒಪ್ಪಿಗೆಯನ್ನು ಇಬ್ಬರೂ ಬದುಕಿರುವಾಗಲೇ ಬರೆದುಕೊಟ್ಟಿರುವುದು ಕ್ಷೇಮ. ಆಸ್ಪತ್ರೆಯ ಬಿಲ್ಲು ಠೇವಣಿಯ ಅವಧಿ ನೋಡಿಕೊಂಡು ಬರುವುದಿಲ್ಲ. ಜಂಟಿ ಖಾತೆಯ ಚೆಕ್ಕು ಬೌನ್ಸ್ ಆದರೆ ಶಿಕ್ಷೆಯ ಹೊಣೆ ಸಹಿ ಹಾಕಿದವರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿರುವುದು ಹೆಂಡಂದಿರ ಪಾಲಿಗೆ ಒಂದು ಸಮಾಧಾನ.

ಎಟಿಎಂ ಕಾರ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2013ರಲ್ಲಿ ಬೆಂಗಳೂರಿನ ಬಾಣಂತಿಯೊಬ್ಬರು ತನ್ನ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದರು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. ಕಾರ್ಡನ್ನು ಬೇರೊಬ್ಬರಿಗೆ ಕೊಟ್ಟದ್ದೇ ನಿಯಮಭಂಗವೆಂಬ ಬ್ಯಾಂಕಿನ ವಾದವನ್ನು ಗ್ರಾಹಕರ ವೇದಿಕೆ 2018ರಲ್ಲಿ ಒಪ್ಪಿ ದೂರನ್ನು ವಜಾಮಾಡಿತು. ಆದ್ದರಿಂದ ಒಂದು ಕಾರ್ಡನ್ನು ಇಬ್ಬರು ಹಂಚಿಕೊಳ್ಳುವುದಲ್ಲ, ಜಂಟಿ ಖಾತೆ ಮಾಡಿಸಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಕಾರ್ಡು ಪಡೆಯಬೇಕು.

ಹೆಸರುಗಳ ಅನುಕ್ರಮಕ್ಕೂ ಬೆಲೆಯಿದೆ. 2020ರ ಫೆಬ್ರುವರಿ 4ರಿಂದ ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ದೊರೆಯುತ್ತದೆ. ಗಂಡನ ಹೆಸರು ಮೊದಲಿರುವ ಜಂಟಿ ಖಾತೆಯನ್ನೂ ಹೆಂಡತಿಯ ಹೆಸರು ಮೊದಲಿರುವ ಜಂಟಿ ಖಾತೆಯನ್ನೂ ವಿಮೆಯವರು ಬೇರೆ ಬೇರೆ ಎಂದು ಗಣಿಸಿ ಒಂದೊಂದಕ್ಕೂ ಪ್ರತ್ಯೇಕ ರಕ್ಷಣೆ ಕೊಡುತ್ತಾರೆ. ಸಹಕಾರಿ ಬ್ಯಾಂಕೊಂದರ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಬಸವನಗುಡಿಯ ಎಷ್ಟೋ ನಿವೃತ್ತರಿಗೆ ಈ ಸೂಕ್ಷ್ಮ ಅರಿವಾಯಿತು.

ಮತ್ತೆ ವಸ್ತಾರೆ ಕಡೆಯ ಆ ಮನೆಗೆ ಬಂದರೆ, ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ನಾಲ್ವರು ಹಿರಿಯರು ಕೂತು ತೀರ್ಮಾನ ಮಾಡಿದರು. ಮಗಳು ತನ್ನ 2 ಲಕ್ಷವನ್ನು ತಾಯಿಗೆ ಬಿಟ್ಟುಕೊಟ್ಟಳು. ಹೀಗೆ ಆಕೆಗೆ ದಕ್ಕಿದ್ದು 4 ಲಕ್ಷ. ಗಂಡುಮಕ್ಕಳು ಬಿಟ್ಟುಕೊಡುವ ಮಾತು ಎತ್ತಲಿಲ್ಲ, ಹಿರಿಯರೂ ಕೇಳಲಿಲ್ಲ. ಸೇವೆಯಲ್ಲಿ ನಾನು ನೋಡಿದ ಹಕ್ಕು ಬಿಡುಗಡೆ ಪತ್ರಗಳಲ್ಲಿ ಬಿಟ್ಟುಕೊಟ್ಟವರ ಸಹಿ ಅಥವಾ ಹೆಬ್ಬೆಟ್ಟು ಬಹುತೇಕ ಅಕ್ಕತಂಗಿಯರದೇ ಆಗಿರುತ್ತಿತ್ತು; ಈ ಬಾರಿ ಅದು ತಾಯಿಗಾದರೂ ಹೋಯಿತು.

ಕಾನೂನು ಬದಲಾಗುವವರೆಗೆ ಮಾಡಬಹುದಾದದ್ದು ಇದೆ. ಜಂಟಿ ಖಾತೆಯ ಹಣದಲ್ಲಿ ತನ್ನ ಪತ್ನಿಗೆ ಅರ್ಧ ಸ್ವಂತವಾಗಿ ಸೇರಿದ್ದು ಎಂದು ಗಂಡ ಬದುಕಿರುವಾಗಲೇ ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿದರೆ 1928ರ ತೀರ್ಪು ಕೇಳುವ ಉದ್ದೇಶದ ಸಾಕ್ಷ್ಯ ಅಷ್ಟರಮಟ್ಟಿಗೆ ಸಿದ್ಧವಾಗುತ್ತದೆ. ಉಳಿದ ಅರ್ಧಕ್ಕೆ ಉಯಿಲು ಬರೆಯಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಇನ್ನು ರಿಸರ್ವ್ ಬ್ಯಾಂಕು ಮಾಡಬೇಕಾದದ್ದು ಬಲು ಸಣ್ಣದು. ಯಾರು ಸಹಿ ಹಾಕಬೇಕೆಂದು ಕೇಳುವ ನಮೂನೆಯಲ್ಲಿ ಯಾರ ಪಾಲು ಎಷ್ಟೆಂದು ಕೇಳುವ ಒಂದು ಕಲಂ ಸೇರಿಸಬೇಕು. ದಂಪತಿಗಳು ಅದನ್ನು ಖಾಲಿ ಬಿಟ್ಟರೆ ಸಮಪಾಲು ಎಂದು ಭಾವಿಸುವ ನಿಯಮವನ್ನು ಸಂಸತ್ತು ಮಾಡಬೇಕು. ಜಂಟಿ ಪಹಣಿಯಲ್ಲಿ ಒಬ್ಬೊಬ್ಬರ ವಿಸ್ತೀರ್ಣವನ್ನು ಎಕರೆ–ಗುಂಟೆಯಲ್ಲಿ ತೋರಿಸಲು ಜಾಗವಿದೆ. ಅದಕ್ಕಿಂತ ಕಷ್ಟದ ಕೆಲಸ ಇದಲ್ಲ.

ಕಳೆದ ವರ್ಷ ನಾನೂ ಅಂಥ ಒಂದು ಪತ್ರ ಬರೆದು, ಪತ್ನಿಯ ಸಹಿಯನ್ನೂ ಹಾಕಿಸಿ, ನಮ್ಮ ಖಾತೆ ಇರುವ ಶಾಖೆಗೆ ಒಯ್ದೆ. ವ್ಯವಸ್ಥಾಪಕರು ಎಳೆಯ ಹುಡುಗ, ವಿನಯವಂತ. ಎರಡು ಬಾರಿ ಓದಿ, ‘ಇದನ್ನು ಸಿಸ್ಟಮ್‌ನಲ್ಲಿ ಹಾಕುವುದಕ್ಕೆ ಜಾಗವೇ ಇಲ್ಲ ಸಾರ್’ ಎಂದು ಹಿಂದಿರುಗಿಸಿದರು. ಸ್ವೀಕೃತಿಯ ಮೊಹರು ಮಾತ್ರ ಹಾಕಿಕೊಟ್ಟರು. ಪತ್ರ ಈಗ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಇದೆ. ಅದರ ಒಂದು ನಕಲನ್ನು ಪತ್ನಿ ಬೇರೆಡೆ ಇಟ್ಟುಕೊಂಡಿದ್ದಾರೆ, ಎಲ್ಲೆಂದು ನನಗೆ ಹೇಳಿಲ್ಲ.